ದಡದಿಂದ ದಡಕ್ಕೆ: ತುಂಗಭದ್ರೆಯ ಪಟ್ಟಣಗಳಲ್ಲಿ ಒಂದು ನದೀಯಾನ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಈಗ ಯೂರೋಪಿನಲ್ಲಿ ಉದ್ಯೋಗದಲ್ಲಿದ್ದಾರೆ. ಅವರು ಆದವಾನಿಯಲ್ಲಿರುವ ತಮ್ಮ ತಂದೆತಾಯಿಗಳನ್ನು ಕರೆಸಿಕೊಂಡು ಡ್ಯಾನ್ಯೂಬ್ ನದಿಯಲ್ಲಿ ಒಂದು ವಾರದ ಹಡಗಿನ ಪ್ರವಾಸ ಮಾಡಿಸಿದರು. ಊರಿಗೆ ಮರಳಿದ ಮೇಲೆ ಆ ತಂದೆ ನನ್ನನ್ನು ಕಾಣಲು ಬಂದು, ಛಾಯಾಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದರು: “ಸಾರ್, ಅಲ್ಲಿ ರಾತ್ರಿ ಮಲಗಿದ್ರೆ ಬೆಳಿಗ್ಗೆ ಇನ್ನೊಂದು ಊರಾಗ ಏಳ್ತೀವಿ. ಎಲ್ಲಾ ಹಳೇ ಊರು, ಎಲ್ಲಾ ಹೊಳಿ ದಂಡಿ ಮ್ಯಾಲೆ. ನಮ್ಮ ತುಂಗಭದ್ರಾ ದಂಡಿ ಮ್ಯಾಲೂ ಹಂಪಿ ಐತಿ, ಮಂತ್ರಾಲಯ ಐತಿ, ಆಲಂಪುರ ಐತಿ. ಹಂಗಾದ್ರೆ ನಮ್ಮ ಹೊಳಿಯಾಗ ಹಡಗು ಯಾಕಿಲ್ಲ?”

ನಾನು ಸಮಾಜಶಾಸ್ತ್ರವನ್ನು ಬಹುಕಾಲ ಪಾಠ ಹೇಳಿದವನು. ಆದರೂ ಆ ಕ್ಷಣದಲ್ಲಿ “ನಮ್ಮದು ಮಳೆಗಾಲದ ನದಿ” ಎಂಬ ಅರ್ಧ ಉತ್ತರವನ್ನಷ್ಟೇ ಕೊಡಲು ಸಾಧ್ಯವಾಯಿತು. ಸುವರ್ಣ ಮಹೋತ್ಸವದ ಸಂಚಿಕೆಗೆ ಪಾಠರೂಪದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಉಳಿದ ಅರ್ಧವನ್ನು ಇಲ್ಲಿ ಬರೆಯುವುದೇ ಸರಿಯೆಂದು ತೋರಿತು. ಈ ಉತ್ತರವನ್ನು ಹುಡುಕುತ್ತ ಹೋದಂತೆ ನಾನು ತರಗತಿಯಲ್ಲಿ ಹೇಳುತ್ತಿದ್ದ ಒಂದು ಪಾಠವೇ ತಪ್ಪಾಗಿತ್ತೆಂಬುದೂ ತಿಳಿಯಿತು. ಅದನ್ನು ಅದರ ಸ್ಥಳದಲ್ಲಿ ನಿವೇದಿಸುತ್ತೇನೆ.

ನಾನು ಡ್ಯಾನ್ಯೂಬನ್ನು ಕಣ್ಣಾರೆ ಕಂಡವನಲ್ಲ. ಓದಿ ತಿಳಿದುದನ್ನು ಮೊದಲು ಹೇಳುತ್ತೇನೆ. ಈ ನದಿಯ ಉದ್ದ ಸುಮಾರು 2,850 ಕಿಲೋಮೀಟರು. ಜರ್ಮನಿಯ ಕಪ್ಪು ಅರಣ್ಯದಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಮುಟ್ಟಿ, ಕಪ್ಪು ಸಮುದ್ರವನ್ನು ಸೇರುತ್ತದೆ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಂಬ ನಾಲ್ಕು ರಾಜಧಾನಿಗಳು ಅದರ ತೀರದಲ್ಲಿವೆ. ಪ್ರವಾಸಿಗಳು ಸಾಮಾನ್ಯವಾಗಿ ಪಸ್ಸಾವ್ ಎಂಬ ಊರಿನಲ್ಲಿ ಹಡಗು ಹತ್ತಿ ಬುಡಾಪೆಸ್ಟ್‌ವರೆಗೆ ಹೋಗುತ್ತಾರೆ. ಈ ಹಾದಿ ಸುಮಾರು 580 ಕಿಲೋಮೀಟರು. ಅಷ್ಟರಲ್ಲಿ ನದಿಯು ಇನ್ನೂರು ಮೀಟರಿನಷ್ಟು ಕೆಳಕ್ಕಿಳಿಯುತ್ತದೆ.

ಇಷ್ಟು ಇಳಿಜಾರಿನ ನದಿಯಲ್ಲಿ ನೂರಕ್ಕೂ ಹೆಚ್ಚು ಜನ ಮಲಗುವ ಹಡಗು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ? ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಮನಗಾಣಬೇಕು. ನದಿಗೆ ಅಡ್ಡಲಾಗಿ ಅಲ್ಲಲ್ಲಿ ಅಣೆಕಟ್ಟುಗಳಿವೆ. ಪಸ್ಸಾವ್‌ನಿಂದ ಬುಡಾಪೆಸ್ಟ್‌ವರೆಗೆ ಅಂಥವು ಹನ್ನೊಂದು. ಪ್ರತಿಯೊಂದರ ಪಕ್ಕದಲ್ಲಿಯೂ ‘ಲಾಕ್’ ಎಂಬ ನೀರಿನ ಕೋಣೆಯಿದೆ. ಅದು ಉದ್ದನೆಯ, ಮೇಲೆ ಚಾವಣಿಯಿಲ್ಲದ ಕಾಂಕ್ರೀಟಿನ ತೊಟ್ಟಿ. ಮೇಲಣ ತುದಿಗೊಂದು, ಕೆಳಗಣ ತುದಿಗೊಂದು ಬಾಗಿಲು. ಕೆಳಗಿಳಿಯಬೇಕಾದ ಹಡಗು ಮೇಲಣ ಬಾಗಿಲಿನಿಂದ ತುಂಬಿದ ತೊಟ್ಟಿಯನ್ನು ಪ್ರವೇಶಿಸುತ್ತದೆ. ಬಾಗಿಲು ಮುಚ್ಚುತ್ತದೆ. ತೊಟ್ಟಿಯ ನೀರನ್ನು ತೂಬಿನ ಮೂಲಕ ಕೆಳಗಣ ನದಿಗೆ ಬಿಡುತ್ತಾರೆ. ನೀರಿನೊಡನೆ ಹಡಗೂ ಇಳಿಯುತ್ತದೆ. ಒಳಗಿನ ನೀರು ಕೆಳಗಣ ನದಿಯ ಮಟ್ಟಕ್ಕೆ ಸಮವಾದಾಗ ಕೆಳಬಾಗಿಲು ತೆರೆಯುತ್ತದೆ. ಏರುವಾಗ ಇದೇ ಕ್ರಮ ತಿರುವುಮುರುವು. ನಮ್ಮ ಹಳ್ಳಿಗಳ ಮೆಟ್ಟಿಲು ಬಾವಿಯಲ್ಲಿ ಮನುಷ್ಯನು ಮೆಟ್ಟಿಲಿಳಿದು ನೀರನ್ನು ಮುಟ್ಟುತ್ತಾನೆ. ಅಲ್ಲಿ ನೀರೇ ಮೆಟ್ಟಿಲಾಗಿ ಹಡಗನ್ನು ಇಳಿಸುತ್ತದೆ. ಇದಕ್ಕೆ ಯಂತ್ರದ ಎತ್ತುವ ಬಲ ಬೇಕಿಲ್ಲ. ಬಾಗಿಲು ಮತ್ತು ತೂಬು ಸಾಕು. ಆದರೆ ಒಂದು ಹಡಗು ದಾಟಿದಾಗಲೆಲ್ಲ ಒಂದು ತೊಟ್ಟಿ ನೀರು ಕೆಳಗೆ ಹೋಗಿಬಿಡುತ್ತದೆ ಎಂಬುದನ್ನು ಮರೆಯಬಾರದು. ವರ್ಷವೆಲ್ಲ ನೀರಿರುವ ನದಿಗೆ ಅದು ಲೆಕ್ಕಕ್ಕಿಲ್ಲ.

ರೈನ್ ನದಿಯನ್ನೂ ಡ್ಯಾನ್ಯೂಬನ್ನೂ ಕೂಡಿಸುವ ಆಸೆ ಅಲ್ಲಿ ಬಹು ಹಳೆಯದು. ಕ್ರಿ.ಶ. 793ರಲ್ಲಿ ಷಾರ್ಲಮೇನ್ ಚಕ್ರವರ್ತಿ ಕಾಲುವೆ ಅಗೆಸಲು ತೊಡಗಿದನು. ಹಗಲು ಅಗೆದ ಮಣ್ಣು ಮಳೆಗೆ ನೆನೆದು ರಾತ್ರಿ ಕುಸಿಯುತ್ತಿತ್ತೆಂದು ಅಂದಿನ ವಾರ್ಷಿಕ ಚರಿತ್ರೆಯೊಂದು ತಿಳಿಸುತ್ತದೆ. ಇಂದಿನ ಕಾಲುವೆ ತೆರೆದುದು 1992ರಲ್ಲಿ. ಅದರ ಉದ್ದ 171 ಕಿಲೋಮೀಟರು, ಲಾಕುಗಳು ಹದಿನಾರು. ಲಾಕಿನ ಅಗಲ ಹನ್ನೆರಡು ಮೀಟರು ಮಾತ್ರ. ಆದುದರಿಂದ ಅಲ್ಲಿಯ ಪ್ರವಾಸದ ಹಡಗುಗಳನ್ನು ಅದಕ್ಕಿಂತ ಸ್ವಲ್ಪ ಕಡಿಮೆ ಅಗಲಕ್ಕೆ, ಜಡೆಯಂತೆ ಉದ್ದವಾಗಿ ಕಟ್ಟುತ್ತಾರೆ.

ಅಲ್ಲಿಯ ಊರುಗಳ ವಿಷಯವಾಗಿ ಒಂದು ಮಾತು. ಇವುಗಳಲ್ಲಿ ಹಲವು ಮೊದಲು ವ್ಯಾಪಾರಕ್ಕಾಗಿ ಹುಟ್ಟಿದವಲ್ಲ. ರೋಮನ್ನರಿಗೆ ಡ್ಯಾನ್ಯೂಬ್ ಸಾಮ್ರಾಜ್ಯದ ಎಲ್ಲೆಯಾಗಿತ್ತು. ಇಂದಿನ ರೇಗೆನ್ಸ್‌ಬರ್ಗ್, ವಿಯೆನ್ನಾ, ಬುಡಾಪೆಸ್ಟ್ ಇವೆಲ್ಲ ಇರುವ ಜಾಗಗಳಲ್ಲಿ ಆಚೆ ದಡದವರನ್ನು ತಡೆಯಲು ಕಟ್ಟಿದ ಸೈನ್ಯದ ಠಾಣೆಗಳಿದ್ದವು. ಎಲ್ಲೆಯಾಗಿದ್ದ ನದಿಯೇ ಮುಂದೆ ದಾರಿಯಾಯಿತು. ಬುಡಾ ಒಂದು ದಡ, ಪೆಸ್ಟ್ ಇನ್ನೊಂದು ದಡ. 1849ರಲ್ಲಿ ಅವುಗಳ ನಡುವೆ ಸರಪಳಿ ಸೇತುವೆ ತೆರೆಯಿತು. 1873ರಲ್ಲಿ ಎರಡು ದಡದ ಊರುಗಳೂ ಕೂಡಿ ಒಂದೇ ನಗರವಾದವು. ಬ್ರಾಟಿಸ್ಲಾವಾಕ್ಕೆ ಜರ್ಮನ್ ಭಾಷೆಯವರು ಪ್ರೆಸ್‌ಬುರ್ಗ್ ಎನ್ನುತ್ತಿದ್ದರು, ಹಂಗೇರಿಯವರು ಪೊಜೋನಿ ಎನ್ನುತ್ತಾರೆ. ಇಂದಿನ ಹೆಸರು ಅಧಿಕೃತವಾದುದು 1919ರಲ್ಲಿ. ಆದವಾನಿ, ಆದೋನಿ ಎಂದು ಎರಡು ಹೆಸರಿನ ಊರಿನಲ್ಲಿ ಬೆಳೆದ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ಈಗ ನಮ್ಮ ನದಿಗೆ ಬರೋಣ. ನಮ್ಮ ಊರು ನದಿಯ ದಡದಲ್ಲಿಲ್ಲ. ಆದರೆ ಆದವಾನಿಯಲ್ಲಿ ರಾಯಚೂರಿನ ಕಡೆಯ ರೈಲು ಹತ್ತಿದರೆ ಗಂಟೆಯೊಳಗೆ ತುಂಗಭದ್ರೆಯ ಸೇತುವೆಯನ್ನು ದಾಟುತ್ತೇವೆ. ಹೊಸಪೇಟೆಯ ಅಣೆಕಟ್ಟಿನಿಂದ ಕೃಷ್ಣಾ ಸಂಗಮದವರೆಗೆ ಸುಮಾರು ಇನ್ನೂರೈವತ್ತು ಕಿಲೋಮೀಟರಿನ ಹಾದಿಯನ್ನು ಮನಸ್ಸಿನಲ್ಲಿಯೇ ಒಂದು ನದೀಯಾನವಾಗಿ ಕಲ್ಪಿಸಿಕೊಳ್ಳಿ. ಡ್ಯಾನ್ಯೂಬ್ ಪ್ರವಾಸದ ಅರ್ಧಕ್ಕಿಂತ ಕಡಿಮೆ ದೂರ. ಆದರೆ ಹಂಪೆಯಿಂದ ಕರ್ನೂಲಿಗೆ ಬರುವಷ್ಟರಲ್ಲೇ ನದಿ ನೂರೈವತ್ತು ಮೀಟರಿಗೂ ಹೆಚ್ಚು ಇಳಿದಿರುತ್ತದೆ. ಅದೂ ಮೆತ್ತನೆಯ ಮಣ್ಣಿನ ಮೇಲಲ್ಲ, ಹಂಪೆಯ ಬಳಿ ಹೆಬ್ಬಂಡೆಗಳ ನಡುವೆ. ಮುಂಗಾರಿನಲ್ಲಿ ದಡ ಮೀರುವ ಹೊಳೆ ಚೈತ್ರ ವೈಶಾಖಗಳಲ್ಲಿ ಮರಳು ಮತ್ತು ಮಡುಗಳ ಸಾಲಾಗುತ್ತದೆ. ಇದು ನಾನು ಕೊಟ್ಟ ಅರ್ಧ ಉತ್ತರ.

ಉಳಿದರ್ಧಕ್ಕೆ ಕಾರಣರು ಮನುಷ್ಯರು. ವಿಜಯನಗರದ ಅರಸರು ಈ ಹೊಳೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆಗಳನ್ನು ಕಟ್ಟಿಸಿ ಎಡಬಲಕ್ಕೆ ಕಾಲುವೆಗಳನ್ನು ತೆಗೆಸಿದರು. ತುರ್ತು ಕಾಲುವೆ, ಬಸವಣ್ಣ ಕಾಲುವೆ ಮುಂತಾದವು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಕಂಪ್ಲಿ, ಸಿರುಗುಪ್ಪದವರೆಗೂ ಅಂಥ ಕಟ್ಟೆಗಳಿವೆ. ಅವುಗಳಲ್ಲಿ ದೋಣಿ ಹಾಯಲು ದಾರಿಯಿಲ್ಲ. ಅವರಿಗೆ ನೀರು ಬೇಕಾದುದು ಪೈರಿಗೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟೂ ಅದೇ ಪರಂಪರೆಯದು. ಅದರ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆಯನ್ನು ದಾಟಿ ನಮ್ಮ ಭಾಗಕ್ಕೆ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಮೂರು ರಾಜ್ಯಗಳ ರೈತರಿಗೆ ನಿದ್ದೆಯಿರಲಿಲ್ಲ. ನಿವೃತ್ತ ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುತ್ತಿದ್ದ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಇಳಿಸಿದ ಮೇಲೆಯೇ ಎಲ್ಲರಿಗೂ ಉಸಿರು ಬಂದುದು. ಇಂಥ ನೀರಿನಲ್ಲಿ ಒಂದೊಂದು ತೊಟ್ಟಿಯನ್ನು ಹಡಗಿಗಾಗಿ ಯಾರು ಬಿಟ್ಟಾರು?

ಹಾಗಾದರೆ ಈ ಹೊಳೆಯಲ್ಲಿ ದೋಣಿಯೇ ಇರಲಿಲ್ಲವೆ? ಇತ್ತು, ಆದರೆ ಅದು ಊರಿನಿಂದ ಊರಿಗೆ ಹೋಗುತ್ತಿರಲಿಲ್ಲ. ದಡದಿಂದ ದಡಕ್ಕೆ ಹೋಗುತ್ತಿತ್ತು.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಚೀಚೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟುವ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವು ಬುಟ್ಟಿಯಂತೆ ದುಂಡಗಿದ್ದವು. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದವು. ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವು, ಆದರೆ ಪ್ರಾಣಿಗಳು ಹೆಚ್ಚಾಗಿ ಈಜಿಯೇ ದಾಟುತ್ತಿದ್ದವು. ನೆಟ್ಟಗೆ ಹೋಗಲಾರದೆ ಇವು ಸುತ್ತುತ್ತಲೇ ಸಾಗುತ್ತವೆಂಬುದು ಅವನಿಗೆ ಸೋಜಿಗ. ರಾಜ್ಯದ ಹೊಳೆಗಳಲ್ಲೆಲ್ಲ ಇವಲ್ಲದೆ ಬೇರೆ ದೋಣಿಯಿಲ್ಲವೆಂದೂ ಅವನು ಹೇಳುತ್ತಾನೆ. ಐನೂರು ವರ್ಷಗಳ ಬಳಿಕವೂ ಹರಿಗೋಲು ಅದೇ ರೂಪದಲ್ಲಿದೆ. ಬೆತ್ತದ ಬದಲು ಬಿದಿರು, ಚರ್ಮದ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಗೋಣಿ, ಅಷ್ಟೇ ವ್ಯತ್ಯಾಸ. ನಮ್ಮ ಕಡೆ ಇದಕ್ಕೆ ಪುಟ್ಟಿ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ.

ಈ ಆಕಾರಕ್ಕೆ ಕಾರಣವಿದೆ. ದುಂಡನೆಯ ತಳದ ಬುಟ್ಟಿಗೆ ಒಂದು ಮೊಳ ನೀರು ಸಾಕು. ಬಂಡೆಗೆ ತಗುಲಿದರೆ ಒಡೆಯುವುದಿಲ್ಲ, ಬಳುಕಿ ಜಾರುತ್ತದೆ. ಮೊನೆಯಿಲ್ಲದ್ದರಿಂದ ಸುಳಿ ಯಾವ ಕಡೆ ತಿರುಗಿಸಿದರೂ ಮಗುಚುವುದಿಲ್ಲ. ಅಂಬಿಗನು ಸೆಳವಿಗೆ ಸೋತಂತೆ ನಟಿಸಿ, ಮೇಲಿನಿಂದ ಹೊರಟು, ಓರೆಯಾಗಿ ಕೆಳಗಣ ರೇವನ್ನು ಮುಟ್ಟುತ್ತಾನೆ. ಆದರೆ ಸೆಳವಿಗೆ ಎದುರಾಗಿ ಮೇಲಕ್ಕೆ ಹೋಗುವುದು ಅದರಿಂದಾಗದು. ಆಗ ಅಂಬಿಗನು ಹರಿಗೋಲನ್ನು ಬೆನ್ನಿಗೆ ಕವುಚಿಕೊಂಡು ದಡದ ಮೇಲೆ ನಡೆಯುತ್ತಾನೆ. ದೂರದಿಂದ ನೋಡಿದರೆ ದೊಡ್ಡದೊಂದು ಆಮೆ ನಡೆದಂತೆ ಕಾಣುತ್ತದೆ. ಯೂಫ್ರಟಿಸ್ ನದಿಯ ಮೇಲೆ ಬ್ಯಾಬಿಲೋನಿಗೆ ಇಳಿಯುತ್ತಿದ್ದ ದುಂಡು ದೋಣಿಗಳ ವಿಷಯವಾಗಿ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳಿದ ಸಂಗತಿಯೂ ಇಂಥದೇ. ಆ ದೋಣಿಯಲ್ಲಿ ಸರಕಿನ ಜೊತೆಗೆ ಒಂದು ಕತ್ತೆಯನ್ನೂ ಹತ್ತಿಸುತ್ತಿದ್ದರಂತೆ. ಊರು ಸೇರಿದ ಮೇಲೆ ಮರವನ್ನು ಮಾರಿ, ಚರ್ಮವನ್ನು ಮಡಚಿ ಕತ್ತೆಯ ಮೇಲೆ ಹೇರಿ ನೆಲದ ದಾರಿಯಲ್ಲಿ ಹಿಂದಿರುಗುತ್ತಿದ್ದರಂತೆ.

ನದಿಯುದ್ದಕ್ಕೂ ಹೋಗುವ ದೋಣಿಯಿಲ್ಲದಿದ್ದರೂ ದಡದಲ್ಲಿ ದೊಡ್ಡ ಊರುಗಳು ಬೆಳೆದುದಕ್ಕೆ ಈ ರೇವುಗಳೇ ಕಾರಣ. ಆನೆಗೊಂದಿಯೂ ಹಂಪೆಯೂ ಎದುರುಬದುರಿನ ಊರುಗಳು. ರಾಜಧಾನಿ ತೆಂಕಣ ದಡಕ್ಕೆ ಬಂದ ಮೇಲೆಯೂ ಆನೆಗೊಂದಿಯ ಗೌರವ ಕುಂದಲಿಲ್ಲ. 1539ರಲ್ಲಿ ದೇಹವಿಟ್ಟ ವ್ಯಾಸರಾಯರ ವೃಂದಾವನವಿರುವುದು ಆ ಬಳಿಯ ನಡುಗಡ್ಡೆಯಲ್ಲಿ. ಒಂದು ದಡದಲ್ಲಿ ಸಿಂಹಾಸನ, ಹೊಳೆಯ ನಡುವೆ ಗುರುಸ್ಥಾನ. ಕೆಳಗೆ ಕಂಪ್ಲಿ: ಚೋಳರು ತಮ್ಮ ಶಾಸನಗಳಲ್ಲಿ ಇಲ್ಲಿಯ ಚಾಲುಕ್ಯರ ಅರಮನೆಯನ್ನು ಕೆಡವಿದುದನ್ನು ಹೇಳಿಕೊಂಡಿದ್ದಾರೆ, 1327ರಲ್ಲಿ ದೆಹಲಿಯ ಸೈನ್ಯದ ಮುಂದೆ ಬಿದ್ದ ಕಂಪಿಲರಾಯನ ಹೆಸರೂ ಇದರದೇ. ಅಣೆಕಟ್ಟಿನಿಂದ ನೀರು ಹೆಚ್ಚು ಬಿಟ್ಟಾಗ ಕಂಪ್ಲಿ ಗಂಗಾವತಿಗಳ ನಡುವಣ ಸೇತುವೆ ಮುಳುಗುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಸಿರುಗುಪ್ಪದ ಬಳಿ ವೇದಾವತಿ ಬಂದು ಕೂಡುತ್ತದೆ.

ಇಲ್ಲಿಂದ ಮುಂದೆ ನಾನು ಪಾಠದಲ್ಲಿ ಮಾಡಿದ ತಪ್ಪಿನ ಜಾಗ. ಸುಮಾರು 58 ಕಿಲೋಮೀಟರು ದೂರ ತುಂಗಭದ್ರೆಯು ಕರ್ನಾಟಕಕ್ಕೂ ಆಂಧ್ರಪ್ರದೇಶಕ್ಕೂ ನಡುವಣ ಗಡಿಯಾಗಿ ಹರಿಯುತ್ತದೆ. ತೆಂಕಣ ದಡದಲ್ಲಿ ನಮ್ಮ ಕೌತಾಳಂ, ಕೋಸಿಗಿ, ಮಂತ್ರಾಲಯದ ಸೀಮೆ. ಬಡಗಣ ದಡದಲ್ಲಿ ರಾಯಚೂರು ಜಿಲ್ಲೆ. ನಾನು ಪ್ರತಿವರ್ಷವೂ ಕಪ್ಪು ಹಲಗೆಯ ಮೇಲೆ ನೀಲಿ ಸುಣ್ಣದ ಕಡ್ಡಿಯಿಂದ ಹೊಳೆಯನ್ನು ಎಳೆದು, “ಇದು ನಮ್ಮ ಸ್ವಾಭಾವಿಕ ಎಲ್ಲೆ. ಆಚೆ ಕನ್ನಡ ನಾಡು, ಈಚೆ ತೆಲುಗು ನಾಡು” ಎಂದು ಹೇಳುತ್ತಿದ್ದೆ. ಒಂದು ವರ್ಷ ಕೌತಾಳಂ ಕಡೆಯ ಹೊಳೆದಂಡೆಯ ಹಳ್ಳಿಯಿಂದ ಬಂದು ಓದುತ್ತಿದ್ದ ಹುಡುಗನೊಬ್ಬ ಎದ್ದು ನಿಂತ. “ಸಾರ್, ನಮ್ಮ ಸ್ವಾದರತ್ತಿ ಊರು ಆಚಿ ದಂಡ್ಯಾಗ ಐತಿ. ಜಾತ್ರಿಗೆ ಪುಟ್ಟಿಯಾಗ ಹೋಗ್ತೀವಿ. ಈಚಿಗೂ ಕನ್ನಡಾನೇ ಮಾತಾಡ್ತೀವಿ, ಆಚಿಗೂ ಕನ್ನಡಾನೇ. ಆ ಎಲ್ಲಿ ಯಾವಾಗ ಬಂತು ಸಾರ್?” ಎಂದು ಕೇಳಿದ. ತರಗತಿ ನಕ್ಕಿತು. ಪಠ್ಯಪುಸ್ತಕದಲ್ಲಿ ಹಾಗೆಯೇ ಇದೆ ಎಂದು ಹೇಳಿ ಕೂಡಿಸಿಬಿಟ್ಟೆ. ಆ ಹುಡುಗನ ಪ್ರಶ್ನೆಗೆ ಉತ್ತರವಿದೆ, ತಾರೀಖು ಸಹಿತ ಇದೆ ಎಂದು ನನಗೆ ತಿಳಿದುದು ನಿವೃತ್ತನಾದ ಮೇಲೆ.

ಆ ತಾರೀಖು 1800ರ ಅಕ್ಟೋಬರ್ 12. ಅಂದು ಹೈದರಾಬಾದಿನ ನಿಜಾಮನಿಗೂ ಈಸ್ಟ್ ಇಂಡಿಯಾ ಕಂಪೆನಿಗೂ ಒಂದು ಒಪ್ಪಂದವಾಯಿತು. ಟಿಪ್ಪುವಿನ ವಿರುದ್ಧದ ಎರಡು ಯುದ್ಧಗಳಲ್ಲಿ ನಿಜಾಮನ ಪಾಲಿಗೆ ಬಂದಿದ್ದ ನಾಡನ್ನು, ಕಂಪೆನಿಯ ಸೈನ್ಯದ ಖರ್ಚಿಗಾಗಿ, ಅವನು ಬಿಟ್ಟುಕೊಟ್ಟನು. ದತ್ತ ಮಂಡಲವೆಂದು ನಾವು ಓದುವ ಪ್ರದೇಶ ಅದೇ. ಆದರೆ ಹೀಗೆ ಬಂದ ಭೂಮಿಯಲ್ಲಿ ಕೊಪ್ಪಳ, ಗಜೇಂದ್ರಗಡ ಮುಂತಾದವು ಹೊಳೆಯ ಬಡಗಣ ದಡದಲ್ಲಿದ್ದವು. ಆದವಾನಿಯೋ ತೆಂಕಣ ದಡದಲ್ಲಿದ್ದರೂ ನಿಜಾಮನದಾಗಿಯೇ ಉಳಿದಿತ್ತು. ಹಿಂದೆ ನಿಜಾಮನ ತಮ್ಮ ಬಸಾಲತ್ ಜಂಗನ ಜಹಗೀರಾಗಿದ್ದ ಊರು ಇದು. ಕಂಪೆನಿಗೆ ಸ್ಪಷ್ಟವಾದ, ನೆಟ್ಟನೆಯ ಗಡಿ ಬೇಕಾಗಿತ್ತು. ಆದುದರಿಂದ ಒಪ್ಪಂದದ ಆರನೆಯ ಕಲಮಿನಲ್ಲಿ ಅದಲುಬದಲಾಯಿತು: ಕೊಪ್ಪಳ, ಗಜೇಂದ್ರಗಡಗಳು ನಿಜಾಮನಿಗೆ, ಅವುಗಳಿಗೆ ಬದಲಾಗಿ ಆದವಾನಿಯ ತಾಲೂಕು ಮತ್ತು ತುಂಗಭದ್ರೆಯ ತೆಂಕಣದ ಉಳಿದ ನೆಲ ಕಂಪೆನಿಗೆ. ಭಾಷೆಯ ಮಾತು ಅಲ್ಲಿ ಬರಲೇ ಇಲ್ಲ. ದಫ್ತರದ ಅನುಕೂಲಕ್ಕಾಗಿ ಹೊಳೆ ಗೆರೆಯಾಯಿತು.

ಆಮೇಲಿನ ಗಡಿಗಳೆಲ್ಲ ಈ ಗೆರೆಯ ಮೇಲೆಯೇ ನಿಂತವು. ಈಚೆ ಮದರಾಸು, ಆಚೆ ಹೈದರಾಬಾದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಹರಿದು ಹಂಚಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು; ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ. ಆಚೆ ದಡದ ರಾಯಚೂರು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಆಗ ಮಾತ್ರ ಈ ಹೊಳೆ ಕನ್ನಡ ರಾಜ್ಯಕ್ಕೂ ತೆಲುಗು ರಾಜ್ಯಕ್ಕೂ ಎಲ್ಲೆಯಾದದ್ದು. ನಮ್ಮ ಶಾಲೆಯ ಮಕ್ಕಳು ಭಾಷಾ ಅಲ್ಪಸಂಖ್ಯಾತರೆಂಬ ಹೆಸರನ್ನು ಪಡೆದುದು ಹೀಗೆ. ಅವರು ಎಲ್ಲಿಂದಲೋ ವಲಸೆ ಬಂದು ಅಲ್ಪಸಂಖ್ಯಾತರಾದವರಲ್ಲ. ಸಹಪಾಠಿಗಳು “ನಿಮ್ಮ ಕನ್ನಡ ಹೊಳೆಯಾಚೆಯದು” ಎಂದಾಗ ತಲೆತಗ್ಗಿಸಿದ ಎಷ್ಟೋ ಮಕ್ಕಳನ್ನು ನಾನು ಕಂಡಿದ್ದೇನೆ. ಅವರಿಗೆ ಹೇಳಬೇಕಾದ ಉತ್ತರವನ್ನು ಹೇಳದೆ, ನೀಲಿ ಗೆರೆ ಎಳೆದು ಅದೇ ಮಾತನ್ನು ನಾನೂ ಕಲಿಸುತ್ತಿದ್ದೆನಲ್ಲ ಎಂಬ ಸಂಕಟ ಇಂದಿಗೂ ಇದೆ.

ಗೆರೆಗಿಂತ ಹಿಂದೆ ಹೊಳೆ ಹೇಗಿತ್ತೆಂಬುದಕ್ಕೆ ಮಂತ್ರಾಲಯವೇ ಸಾಕ್ಷಿ. ಅದರ ಹಳೆಯ ಹೆಸರು ಮಂಚಾಲೆ. 1671ರಲ್ಲಿ ರಾಘವೇಂದ್ರ ಸ್ವಾಮಿಗಳು ಅಲ್ಲಿ ವೃಂದಾವನ ಪ್ರವೇಶ ಮಾಡಿದರು. ಆ ಗ್ರಾಮವನ್ನು ಅವರಿಗೆ ದಾನವಾಗಿತ್ತವನು ಆದವಾನಿಯ ನವಾಬ ಸಿದ್ಧಿ ಮಸೂದ್ ಖಾನನೆಂದು ಮಠದ ಪರಂಪರೆ ಹೇಳುತ್ತದೆ. ನಮ್ಮ ಊರಿನ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನೂ ಅವನೇ. ಅದೇ ಪರಂಪರೆಯ ಕಥೆಯಲ್ಲಿ ಬರುವ ವೆಂಕಣ್ಣನು ಓದುಬರಹ ಬಾರದ ಹುಡುಗ. ಗುರುವನ್ನು ನೆನೆದು ನವಾಬನ ಮುಂದೆ ಪತ್ರವನ್ನೋದಿ ದಿವಾನನಾದವನು. ಎದುರು ದಡದಲ್ಲಿ ಬಿಚ್ಚಾಲಿ, ಗುರುಗಳ ಶಿಷ್ಯರಾದ ಅಪ್ಪಣಾಚಾರ್ಯರ ಊರು. ವೃಂದಾವನ ಪ್ರವೇಶದ ದಿನ ಶಿಷ್ಯರು ಆಚೆ ದಡದಲ್ಲಿದ್ದರೆಂದೂ, ಶ್ರಾವಣದ ತುಂಬು ಹೊಳೆಯನ್ನು ಸ್ತೋತ್ರ ರಚಿಸುತ್ತಲೇ ದಾಟಿ ಬಂದರೆಂದೂ ಭಕ್ತರು ಹೇಳುತ್ತಾರೆ. ಇವುಗಳನ್ನು ನಾನು ಇತಿಹಾಸದ ದಾಖಲೆಯಾಗಿ ಇಲ್ಲಿ ಹೇಳುತ್ತಿಲ್ಲ. ಒಬ್ಬ ಗುರು, ಎರಡು ದಡ, ನಡುವೆ ದಾಟುವ ಹೊಳೆ ಎಂಬ ಚಿತ್ರ ಜನಮನದಲ್ಲಿ ಎಷ್ಟು ಸಹಜವಾಗಿತ್ತೆಂಬುದನ್ನು ಗಮನಿಸಿ ಎನ್ನುತ್ತಿದ್ದೇನೆ. ದಾಸಸಾಹಿತ್ಯದ ವಿಜಯದಾಸರು ಹುಟ್ಟಿದ ಚೀಕಲಪರ್ವಿಯೂ ಇದೇ ಹೊಳೆಯ ಆಚೆ ದಡದ ಹಳ್ಳಿ.

ಮಂತ್ರಾಲಯದಿಂದ ಕೆಳಕ್ಕೆ, ಕರ್ನೂಲಿಗೆ ಮೊದಲು, ಸುಂಕೇಸುಲ ಬರುತ್ತದೆ. ಆ ತಂದೆಯ ಪ್ರಶ್ನೆಗೆ ನಿಜವಾದ ಉತ್ತರವಿರುವ ಜಾಗ ಇದು. ತುಂಗಭದ್ರೆಯ ನೀರಿನಲ್ಲಿ ಯೂರೋಪಿನಂತೆ ಹಡಗು ನಡೆಸಬೇಕೆಂದು ಒಮ್ಮೆ ಪ್ರಯತ್ನ ಮಾಡಿದ್ದರು. ಗೋದಾವರಿಗೆ ಆಣೆಕಟ್ಟು ಕಟ್ಟಿಸಿದ ಸರ್ ಆರ್ಥರ್ ಕಾಟನ್ ರೈಲಿಗಿಂತ ಜಲಮಾರ್ಗವೇ ಈ ದೇಶಕ್ಕೆ ಹಿತವೆಂದು ಜೀವನಪೂರ್ತಿ ವಾದಿಸಿದವರು. ಒಂದೇ ಕಾಲುವೆ ಹೊಲಕ್ಕೆ ನೀರನ್ನೂ ಪೇಟೆಗೆ ಧಾನ್ಯವನ್ನೂ ಒಯ್ಯುವುದೆಂಬುದು ಅವರ ಮತ. ಅವರ ವಿಚಾರಗಳ ಪ್ರೇರಣೆಯಿಂದ ಹುಟ್ಟಿದ ಮದರಾಸು ಇರಿಗೇಷನ್ ಕಂಪೆನಿಯವರು ಸರ್ಕಾರದ ಬಡ್ಡಿಯ ಭರವಸೆಯ ಮೇಲೆ 1860ರ ದಶಕದಲ್ಲಿ ಸುಂಕೇಸುಲದಲ್ಲಿ ಆಣೆಕಟ್ಟು ಕಟ್ಟಿ, ಕಡಪದವರೆಗೆ ಸುಮಾರು 300 ಕಿಲೋಮೀಟರಿನ ಕಾಲುವೆ ತೋಡಿದರು. ಇದೇ ಕರ್ನೂಲು ಕಡಪ ಕಾಲುವೆ, ಜನರ ಬಾಯಲ್ಲಿ ಕೆ.ಸಿ. ಕೆನಾಲ್. ಕರ್ನೂಲಿನಲ್ಲಿ ಹಂದ್ರಿ ನದಿಯ ಮೇಲೆ ಮೇಲ್ಗಾಲುವೆಯಾಗಿ ದಾಟಿ ಅದು ಪೆನ್ನೆಯ ಸೀಮೆಗೆ ಇಳಿಯುತ್ತದೆ. ದೋಣಿಗಳು ಏರಿಳಿಯಲೆಂದು ಡ್ಯಾನ್ಯೂಬಿನಲ್ಲಿರುವಂಥ ಲಾಕುಗಳನ್ನೂ ಕಟ್ಟಿದರು. ತುಂಗಭದ್ರೆಯ ನೀರಿನ ಮೇಲೆ ಊರಿನಿಂದ ಊರಿಗೆ ಸರಕು ಹೊತ್ತ ದೋಣಿಗಳು ಸಾಗಿದ್ದು ಈ ಕಾಲುವೆಯಲ್ಲಿ.

ಆದರೆ ಆ ಯತ್ನ ಫಲಿಸಲಿಲ್ಲ. 1871ರಲ್ಲಿ ಮದರಾಸಿನಿಂದ ಬಂದ ರೈಲುಹಾದಿ ಆದವಾನಿಯನ್ನು ದಾಟಿ ರಾಯಚೂರಿನಲ್ಲಿ ಮುಂಬಯಿಯ ಹಾದಿಯನ್ನು ಕೂಡಿತು. ನಮ್ಮ ಹತ್ತಿಗೆ ಅದಕ್ಕಿಂತ ವೇಗವಾದ ದಾರಿ ಬೇಕಿರಲಿಲ್ಲ. ಇನ್ನು ನೀರಾವರಿಯ ಮಾತು. ಎರೆನೆಲದ ರೈತನಿಗೆ ಜೋಳ ಹತ್ತಿಗಳನ್ನು ಮಳೆಯ ಹಸಿಯಲ್ಲೇ ಬೆಳೆದು ಅಭ್ಯಾಸ; ನೀರಿಗೆ ಕಂದಾಯ ತೆತ್ತು ಭೂಮಿಯನ್ನು ಗದ್ದೆ ಮಾಡಲು ಅವನು ಮುಂದಾಗಲಿಲ್ಲ. ಧಾತು ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಜನ ಕಾಲುವೆಯ ನೀರಿಗೆ ಮುಗಿಬಿದ್ದರಾದರೂ ಮಳೆ ಬಂದೊಡನೆ ಬಿಟ್ಟರು. ಕಂಪೆನಿ ನಷ್ಟದಲ್ಲಿ ಮುಳುಗಿತು. 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡಿತು. ದೋಣಿಗಳು ಕ್ರಮೇಣ ನಿಂತುಹೋಗಿ ಕಾಲುವೆ ಕೃಷಿಗೆ ಮೀಸಲಾಯಿತು. ಅಂದು ಬೇಡವೆಂದ ನೀರಿಗಾಗಿ ಇಂದು ರಾಜ್ಯ ರಾಜ್ಯಗಳು ನ್ಯಾಯಮಂಡಲಿಯ ಮುಂದೆ ನಿಲ್ಲುತ್ತವೆ. ಕಾಟನ್ನರ ಲೆಕ್ಕದಲ್ಲಿ ತಪ್ಪಿತ್ತೆಂದು ನನಗೆ ಅನಿಸುವುದಿಲ್ಲ. ಅವರು ನೀರನ್ನು ಅಳೆದರು, ರೈತನನ್ನು ಕೇಳಲಿಲ್ಲ. 2020ರಲ್ಲಿ ಅಂತಾರಾಷ್ಟ್ರೀಯ ನೀರಾವರಿ ಸಂಸ್ಥೆಯೊಂದು ಈ ಕಾಲುವೆಯನ್ನು ಪಾರಂಪರಿಕ ನೀರಾವರಿ ರಚನೆಗಳ ಪಟ್ಟಿಗೆ ಸೇರಿಸಿತು.

ಕರ್ನೂಲಿನ ಹೆಸರಿನಲ್ಲಿಯೇ ದಾಟುವ ಕಥೆಯಿದೆ. ಆಲಂಪುರದ ಗುಡಿಗಳಿಗೆ ಕಲ್ಲು ಹೊತ್ತ ಗಾಡಿಗಳು ಹೊಳೆ ದಾಟುವ ಮೊದಲು ಇಲ್ಲಿ ನಿಂತು ಗಾಲಿಗೆ ಕಂದೆನ, ಎಂದರೆ ಕೀಲೆಣ್ಣೆ, ಹಾಕಿಸಿಕೊಳ್ಳುತ್ತಿದ್ದವಂತೆ; ಅದರಿಂದ ಕಂದನವೋಲು ಎಂದು ಹೆಸರಾಯಿತಂತೆ. 1953ರಿಂದ 1956ರವರೆಗೆ ಈ ಊರು ಆಂಧ್ರ ರಾಜ್ಯದ ರಾಜಧಾನಿ. ಎದುರು ದಡದ ಆಲಂಪುರ ಈಗ ತೆಲಂಗಾಣದಲ್ಲಿದೆ. ಅಲ್ಲಿಯ ನವಬ್ರಹ್ಮ ದೇವಾಲಯಗಳನ್ನು ಕಟ್ಟಿಸಿದವರು ಬಾದಾಮಿಯ ಚಾಲುಕ್ಯರು, ಏಳು ಎಂಟನೆಯ ಶತಮಾನಗಳಲ್ಲಿ. ಪಟ್ಟದಕಲ್ಲನ್ನು ಕಂಡವರು ಸ್ವರ್ಗಬ್ರಹ್ಮನ ಶಿಖರದ ಮುಂದೆ ನಿಂತರೆ ಅಣ್ಣತಮ್ಮಂದಿರನ್ನು ಕಂಡಂತಾಗುತ್ತದೆ. ಇನ್ನೂ ಕೆಳಗೆ ಕೃಷ್ಣೆಯೊಡನೆ ಸಂಗಮವಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು, ಶ್ರೀಶೈಲದ ಜಲಾಶಯದಲ್ಲಿ ಮುಳುಗುವುದೆಂದು, ಕಲ್ಲು ಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ಜೋಡಿಸಿದ್ದಾರೆ. ನಮ್ಮ ನದೀಯಾನದ ಕೊನೆಯ ನಿಲ್ದಾಣ ಹೀಗೆ ತಾನೇ ದಡವೇರಿ ಕುಳಿತಿದೆ.

ಹೊಳೆಯ ಇನ್ನೊಂದು ಮುಖವನ್ನೂ ಹೇಳದೆ ಬಿಡಬಾರದು. 2009ರ ಅಕ್ಟೋಬರ್ 2ರಂದು ಬಂದ ಪ್ರವಾಹದಲ್ಲಿ ಮಂತ್ರಾಲಯದ ಮಠದ ಪ್ರಾಕಾರದೊಳಕ್ಕೆ ನೀರು ನುಗ್ಗಿತು. ಯಾತ್ರಿಕರು ಮಾಳಿಗೆಗಳ ಮೇಲೆ ಆಶ್ರಯ ಪಡೆದರು. ಕರ್ನೂಲು ನಗರದಲ್ಲಿ ಹಂದ್ರಿ ತುಂಗಭದ್ರೆಗಳ ನೀರು ಬೀದಿಬೀದಿಗಳಲ್ಲಿ ನಿಂತಿತು. ಆ ದಿನ ಎರಡು ದಡಗಳಲ್ಲಿಯೂ ಮನೆಗಳು ಬಿದ್ದವು.

ಇಷ್ಟನ್ನು ಬರೆದ ಮೇಲೆ ಶಾಲೆಯವರಲ್ಲಿ ನನ್ನದೊಂದು ಸೂಚನೆ. ಸುವರ್ಣ ಮಹೋತ್ಸವದ ವರ್ಷದಲ್ಲಿ ಒಂಬತ್ತು ಹತ್ತನೆಯ ತರಗತಿಯ ಮಕ್ಕಳನ್ನು ಈ ಹಾದಿಯಲ್ಲಿ ಕರೆದೊಯ್ಯಿರಿ. ಹಡಗಿಲ್ಲದಿದ್ದರೆ ಬಸ್ಸಿದೆ, ಆನೆಗೊಂದಿ, ಮಂತ್ರಾಲಯ, ಸುಂಕೇಸುಲ, ಆಲಂಪುರಗಳಿಗೆ ಮೂರು ದಿನ ಸಾಕು. ಕಾರ್ತಿಕ ಕಳೆದ ಮೇಲೆ ಹೊರಡುವುದು ಮೇಲು. ಹೊಳೆಯ ಸೆಳವು ಇಳಿದಿರುತ್ತದೆ. ಹರಿಗೋಲು ಹತ್ತುವುದಾದರೆ ಜೀವರಕ್ಷಕ ಅಂಗಿಯಿಲ್ಲದೆ ಒಂದು ಮಗುವನ್ನೂ ಹತ್ತಿಸಬೇಡಿ, ಅಂಬಿಗನು ಸಾಕೆಂದ ಮೇಲೆ ಇನ್ನೊಬ್ಬರನ್ನು ತುರುಕಬೇಡಿ. ಮಕ್ಕಳ ಕೈಯಲ್ಲಿ ಒಂದೊಂದು ನೋಟುಪುಸ್ತಕವಿರಲಿ. ಎರಡೂ ದಡಗಳ ಅಂಬಿಗರನ್ನು, ಅಗಸರನ್ನು, ರೈತರನ್ನು ಕೇಳಿ ಹೊಳೆಗೆ ಸಂಬಂಧಿಸಿದ ಮಾತುಗಳನ್ನು ಬರೆದುಕೊಳ್ಳಲಿ. ಒಂದು ಸಾಲಿನಲ್ಲಿ ಕನ್ನಡದವು, ಇನ್ನೊಂದರಲ್ಲಿ ತೆಲುಗಿನವು, ಮೂರನೆಯದರಲ್ಲಿ ಎರಡರಲ್ಲಿಯೂ ಒಂದೇ ಆಗಿರುವವು. ನಾನು ಆರಂಭಿಸಿದ ಪಟ್ಟಿಯ ಮೂರನೆಯ ಸಾಲಿನಲ್ಲಿ ತೆಪ್ಪ, ರೇವು, ಕಾಲುವೆ ಇವು ಈಗಾಗಲೇ ಇವೆ. ‘ಒಡ್ಡು’ ಎಂಬುದನ್ನು ಎಲ್ಲಿ ಬರೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ: ತೆಲುಗಿನಲ್ಲಿ ಅದು ದಡ, ಕನ್ನಡದಲ್ಲಿ ನೀರಿಗೆ ಅಡ್ಡ ಹಾಕಿದ ಕಟ್ಟೆ. ತುಂಗಭದ್ರೆಯ ಮುಂದಿನ ಪುಷ್ಕರ ಬರುವುದು 2032ರಲ್ಲಿ. ಆಗ ಎರಡು ದಡಗಳಲ್ಲಿಯೂ ಜನ ಸೇರುತ್ತಾರೆ. ಅಷ್ಟರೊಳಗೆ ಪಟ್ಟಿಯನ್ನು ಪೂರ್ಣಗೊಳಿಸಿ ಶಾಲೆಯ ಗ್ರಂಥಾಲಯದಲ್ಲಿ ಇಡಬೇಕೆಂದು ಕೋರುತ್ತೇನೆ. ಕೌತಾಳಂ ಕಡೆಯ ಆ ಹುಡುಗ ಈ ಸಂಚಿಕೆಯನ್ನು ಓದಿದರೆ, ತನ್ನ ಸೋದರತ್ತೆಯ ಊರಿನ ಮಾತುಗಳನ್ನು ಕಳುಹಿಸಿಕೊಡಲಿ.